ವಸ್ತುಚಿತ್ರವೂ ರಸವಿಚಾರವೂ

ಹಣ್ಣು, ಹೂವು, ಪಾತ್ರೆ, ಪುಸ್ತಕ, ದೀಪ ಮೊದಲಾದ ಅಚೇತನಪದಾರ್ಥಗಳನ್ನೇ ಪ್ರಧಾನವಿಷಯವಾಗಿ ಇಟ್ಟುಕೊಂಡು, ಮನುಷ್ಯಾಕೃತಿಯನ್ನಾಗಲಿ ಕಥಾಪ್ರಸಂಗವನ್ನಾಗಲಿ ಅಪೇಕ್ಷಿಸದೆ ಬರೆಯಲ್ಪಡುವ ಚಿತ್ರಪ್ರಕಾರವೊಂದುಂಟು. ಇದಕ್ಕೆ ಹದಿನೇಳನೆಯ ಶತಮಾನದಲ್ಲಿ ಡಚ್ಚರು ಇಟ್ಟ ಹೆಸರಿನಿಂದಲೇ ಇಂಗ್ಲಿಷಿನ 'ಸ್ಟಿಲ್ ಲೈಫ್' ಎಂಬುದು ಬಂದಿತು. ಪದಗಳ ಸಾಮಾನ್ಯಾರ್ಥವನ್ನು ಹಿಡಿದರೆ ನಿಶ್ಚಲವಾದ ಜೀವವೆಂದು ಅದರ ತಾತ್ಪರ್ಯ. ಫ್ರೆಂಚರಾದರೋ ಇದನ್ನೇ 'ನಾತ್ಯುರ್ ಮೋರ್ತ್', ಎಂದರೆ ಮೃತಪ್ರಕೃತಿ, ಎಂದು ಕರೆದರು. ಒಂದೇ ಚಿತ್ರವನ್ನು ಒಬ್ಬರು ಜೀವವೆಂದೂ ಮತ್ತೊಬ್ಬರು ಮೃತವೆಂದೂ ಕರೆದಿರುವುದರಲ್ಲಿಯೇ ಈ ಲೇಖನದ ಪ್ರಶ್ನೆ ಅಡಗಿದೆ. ಅದನ್ನು ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಅಚೇತನವಸ್ತುವಿನ ಚಿತ್ರದಲ್ಲಿ ರಸವುಂಟೋ ಇಲ್ಲವೋ ಎಂಬುದೇ ಆಗಿದೆ. ಇನ್ನು ಮುಂದೆ ಇದನ್ನು ಸಂಕ್ಷೇಪವಾಗಿ ವಸ್ತುಚಿತ್ರವೆಂದು ವ್ಯವಹರಿಸುತ್ತೇನೆ.

ಈ ಪ್ರಶ್ನೆ ನನಗೆ ಹುಟ್ಟಿದ ಸಂದರ್ಭವನ್ನು ಹೇಳಿಬಿಡುವುದು ಉಚಿತ. ನನ್ನಲ್ಲಿ ಧ್ವನ್ಯಾಲೋಕವನ್ನು ಪಾಠ ಹೇಳಿಸಿಕೊಂಡಿದ್ದ ಶಿಷ್ಯರೊಬ್ಬರ ಮನೆಗೆ ಹೋಗಿದ್ದೆನು. ಊಟದ ಮನೆಯ ಗೋಡೆಯ ಮೇಲೆ ಒಂದು ಚಿತ್ರದ ಅಚ್ಚಿನ ಪ್ರತಿ ತೂಗುತ್ತಿದ್ದಿತು. ಒಂದು ಲೋಟ ನೀರು, ಕಂದುಬಣ್ಣದ ಒಂದು ಕಾಫಿಪಾತ್ರೆ, ಕೆಲವು ಬೆಳ್ಳುಳ್ಳಿ, ಇಷ್ಟೇ ಅದರಲ್ಲಿದ್ದುದು. ದೇವರ ಪಟವಿರಬೇಕಾದ ಗೋಡೆಯಲ್ಲಿ ಬೆಳ್ಳುಳ್ಳಿಯನ್ನು ತೂಗುಹಾಕುವುದು ಯಾವ ರಸಿಕತೆಯೆಂದು ನಾನು ಕೇಳಿದೆನು. ಅವರು ವಿನಯದಿಂದಲೇ, "ಗುರುಗಳೆ, ಇದರಲ್ಲಿ ವ್ಯಂಗ್ಯವೇ ಇಲ್ಲವೆಂದು ತಮ್ಮ ಅಭಿಪ್ರಾಯವೆ?" ಎಂದರು. ನಾನು ಹಾರಿಕೆಯ ಮಾತೊಂದನ್ನು ಹೇಳಿ ಊಟಕ್ಕೆ ಕುಳಿತೆನು. ಆದರೆ ಅನೇಕ ವರ್ಷಗಳಿಂದ ವ್ಯಂಜನಾವೃತ್ತಿಯನ್ನು ಬೋಧಿಸಿದವನಿಗೆ ಆ ಪ್ರಶ್ನೆಯನ್ನು ಉತ್ತರಿಸದೆ ಬಿಡುವುದು ಋಣವನ್ನು ಉಳಿಸಿಕೊಂಡಂತೆ. ಆ ಋಣವನ್ನು ಇಲ್ಲಿ ತೀರಿಸಲು ಯತ್ನಿಸುತ್ತೇನೆ.

ಮೊದಲು ಪೂರ್ವಪಕ್ಷವನ್ನು ನೋಡೋಣ. ಅದು ದುರ್ಬಲವಾದುದಲ್ಲ. ಫ್ರಾನ್ಸಿನ ರಾಜಾಶ್ರಿತವಾದ ಚಿತ್ರಕಲಾಪರಿಷತ್ತಿನ ಉಪನ್ಯಾಸಗಳಿಗೆ ಬರೆದ ೧೬೬೭ರ ಪೀಠಿಕೆಯಲ್ಲಿ ಆಂದ್ರೆ ಫೆಲಿಬಿಯೆನ್ ಎಂಬವನು ಚಿತ್ರಕಾರರಿಗೆ ಒಂದು ತಾರತಮ್ಯವನ್ನು ಕಲ್ಪಿಸಿದನು. ಹಣ್ಣು, ಹೂವು, ಚಿಪ್ಪುಗಳನ್ನು ಬರೆಯುವವನು ಎಲ್ಲರಿಗಿಂತ ಕೆಳಗೆ. ಪ್ರದೇಶದೃಶ್ಯವನ್ನು ಬರೆಯುವವನು ಅವನಿಗಿಂತ ಮೇಲೆ. ಸಜೀವಪ್ರಾಣಿಗಳನ್ನು ಬರೆಯುವವನು ನಿರ್ಜೀವಗಳನ್ನು ಬರೆಯುವವನಿಗಿಂತ ಮೇಲೆ. ಮನುಷ್ಯಾಕೃತಿಯನ್ನೂ ಪುರಾಣೇತಿಹಾಸಗಳನ್ನೂ ಬರೆಯುವವನು ಸರ್ವೋತ್ತಮನು. ನಮ್ಮಲ್ಲಿ ಒಂಬತ್ತನೆಯ ಶತಮಾನದ ಆನಂದವರ್ಧನಾಚಾರ್ಯನು ವ್ಯಂಗ್ಯಶೂನ್ಯವಾದ ಕಾವ್ಯಕ್ಕೆ 'ಚಿತ್ರ'ವೆಂದೇ ಹೆಸರಿಟ್ಟು, ಅದು ಮುಖ್ಯಕಾವ್ಯವಲ್ಲ, ಕಾವ್ಯದ ಅನುಕರಣವೆಂದನು. ಮಮ್ಮಟನು ಅದನ್ನು ಅವರಕಾವ್ಯವೆಂದನು. ಚಿತ್ರವೆಂಬ ಮಾತೇ ನಿರ್ಜೀವವಾದ ಪ್ರತಿಕೃತಿಗೆ ಪರ್ಯಾಯವಾಗಿರುವಾಗ, ನಿರ್ಜೀವವಸ್ತುವಿನ ಚಿತ್ರವು ಅಧಮಕ್ಕಿಂತಲೂ ಅಧಮವೆಂದು ಬೇರೆ ಹೇಳಬೇಕೆ?

ಇದಕ್ಕೆ ವಸ್ತುಚಿತ್ರದ ಅಭಿಮಾನಿಗಳು ಸಾಮಾನ್ಯವಾಗಿ ಕೊಡುವ ಸಮಾಧಾನವು ನನಗೆ ಸಮ್ಮತವಲ್ಲ. ವಸ್ತುವೇ ಎದುರಿಗಿದೆಯೆಂಬ ಭ್ರಮೆಯನ್ನು ಹುಟ್ಟಿಸುವ ಕೌಶಲವೇ ಇದರ ಗುಣವೆಂದು ಅವರು ಹೇಳುತ್ತಾರೆ. ಅದಕ್ಕೆ ಉದಾಹರಣವಾಗಿ ರೋಮಿನ ಪ್ಲಿನಿಯು ಹೇಳಿರುವ ಕಥೆಯನ್ನು ತೆಗೆಯುವುದುಂಟು. ಗ್ರೀಕರ ಝ್ಯೂಕ್ಸಿಸನು ಬರೆದ ದ್ರಾಕ್ಷಿಯನ್ನು ಹಕ್ಕಿಗಳು ಕುಕ್ಕಲು ಬಂದುವು. ಪ್ರತಿಸ್ಪರ್ಧಿಯಾದ ಪರ್ರೇಸಿಯಸನು ಬರೆದ ತೆರೆಯನ್ನು ಸರಿಸುವಂತೆ ಝ್ಯೂಕ್ಸಿಸನೇ ಕೇಳಿ ಸೋತನು. ಆದರೆ ನಮ್ಮ ಶ್ರೀಶಂಕುಕನ ಚಿತ್ರತುರಗನ್ಯಾಯವನ್ನು ಬಲ್ಲವರು ಇದನ್ನು ಒಪ್ಪಲಾರರು. ಚಿತ್ರದ ಕುದುರೆಯನ್ನು ನೋಡಿ 'ಇದು ಕುದುರೆ' ಎಂದು ಸಹೃದಯನಿಗೆ ಆಗುವ ಪ್ರತೀತಿಯು ಸಮ್ಯಕ್‌ಜ್ಞಾನವಲ್ಲ, ಮಿಥ್ಯಾಜ್ಞಾನವಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲ, ಇವೆಲ್ಲಕ್ಕಿಂತ ವಿಲಕ್ಷಣವಾದುದು. ಹಕ್ಕಿಗಳಿಗೆ ಆದುದು ಕೇವಲ ಮಿಥ್ಯಾಜ್ಞಾನ. ಮೋಸಹೋದವನಿಗೆ ಹಸಿವು ಹುಟ್ಟಬಹುದು, ರಸಾಸ್ವಾದವು ಹುಟ್ಟದು. ಅದೇ ಪ್ಲಿನಿಯು ಹೇಳುವ ಇನ್ನೊಂದು ಕಥೆಯನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ದ್ರಾಕ್ಷಿಯನ್ನು ಹೊತ್ತ ಹುಡುಗನನ್ನು ಝ್ಯೂಕ್ಸಿಸನು ಬರೆದಾಗಲೂ ಹಕ್ಕಿಗಳು ಬಂದುವಂತೆ. ಆಗ ಅವನು, ಹುಡುಗನನ್ನು ಅಷ್ಟೇ ಚೆನ್ನಾಗಿ ಬರೆದಿದ್ದರೆ ಹಕ್ಕಿಗಳು ಹೆದರಬೇಕಾಗಿದ್ದಿತೆಂದು ತನ್ನ ಮೇಲೆಯೇ ಸಿಟ್ಟಾದನಂತೆ. ಭ್ರಮೆಯನ್ನೇ ಪ್ರಮಾಣವಾಗಿಟ್ಟುಕೊಂಡವನು ಕೊನೆಗೆ ಹಕ್ಕಿಗಳ ತೀರ್ಪಿಗೆ ತಲೆಬಾಗಬೇಕಾಗುತ್ತದೆ.

ಹಾಗಾದರೆ ಈ ಚಿತ್ರಗಳ ಜೀವವೆಲ್ಲಿದೆ? ಇವುಗಳ ಮೂಲವನ್ನು ಹುಡುಕಿದರೆ ಒಂದು ದಾರಿ ಕಾಣುತ್ತದೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮಿನ ವಾಸ್ತುಶಾಸ್ತ್ರಜ್ಞನಾದ ವಿಟ್ರೂವಿಯಸನು ತನ್ನ ಗ್ರಂಥದ ಆರನೆಯ ಭಾಗದಲ್ಲಿ ಗ್ರೀಕರ ಮನೆಗಳನ್ನು ವರ್ಣಿಸುತ್ತ ಒಂದು ಆಚಾರವನ್ನು ಹೇಳುತ್ತಾನೆ. ಬಂದ ಅತಿಥಿಗಳನ್ನು ಮೊದಲನೆಯ ದಿನ ಊಟಕ್ಕೆ ಕರೆಯುವರು. ಮಾರನೆಯ ದಿನದಿಂದ ಅವರ ಬಿಡಾರಕ್ಕೆ ಕೋಳಿ, ಮೊಟ್ಟೆ, ಕಾಯಿಪಲ್ಯ, ಹಣ್ಣುಗಳನ್ನು ಕಳುಹಿಸಿಕೊಡುವರು. ಈ ಪದಾರ್ಥಗಳನ್ನು ಬರೆದ ಚಿತ್ರಗಳಿಗೆ ಆ ಕಾರಣದಿಂದ 'ಕ್ಸೇನಿಯ', ಎಂದರೆ ಅತಿಥಿಗೆ ಕೊಟ್ಟ ಕಾಣಿಕೆ, ಎಂದು ಹೆಸರಾಯಿತು. ಕ್ರಿ. ಶ. ೭೯ರಲ್ಲಿ ವೆಸೂವಿಯಸ್ ಪರ್ವತದ ಬೂದಿಯಲ್ಲಿ ಮುಚ್ಚಿಹೋದ ಪೊಂಪೆಯಿ, ಹರ್ಕ್ಯುಲೇನಿಯಮ್ ಪಟ್ಟಣಗಳ ಗೋಡೆಗಳಲ್ಲಿ ಇಂತಹ ಚಿತ್ರಗಳು ಸಿಕ್ಕಿವೆ. ಪೀಚ್ ಹಣ್ಣುಗಳ ಪಕ್ಕದಲ್ಲಿ ನೀರು ತುಂಬಿದ ಗಾಜಿನ ಪಾತ್ರೆಯಿರುವ ಹರ್ಕ್ಯುಲೇನಿಯಮಿನ ಚಿತ್ರವು ಈಗ ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿದೆ. ಅತಿಥಿಯನ್ನು ದೇವರೆಂದು ಭಾವಿಸುವ ನಮಗೆ, ಬಾಗಿಲಿಗೆ ಬಂದವನ ಮುಂದೆ ಮೊದಲು ನೀರನ್ನಿಡುವ ನಮಗೆ, ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿರುವುದು ಬರಿಯ ಹಣ್ಣು ನೀರುಗಳಲ್ಲ; ಕೊಟ್ಟ ಕೈ ಒಂದು, ತೆಗೆದುಕೊಳ್ಳುವ ಕೈ ಒಂದು. ಎರಡೂ ಚಿತ್ರದಲ್ಲಿಲ್ಲ, ಎರಡೂ ಚಿತ್ರದಿಂದ ತೋರುತ್ತವೆ.

ಇನ್ನೊಂದು ಉದಾಹರಣವು ಸಂಪ್ರದಾಯಸ್ಥರಿಗೆ ಸ್ವಲ್ಪ ಮುಜುಗರವನ್ನುಂಟುಮಾಡೀತು. ಪೆರ್ಗಮಮಿನ ಸೋಸಸ್ ಎಂಬ ಶಿಲ್ಪಿಯು ಊಟದ ಮನೆಯ ನೆಲದಲ್ಲಿ, ಗುಡಿಸದೆ ಬಿಟ್ಟಂತೆ ತೋರುವ ಎಂಜಲಿನ ಚೂರುಗಳನ್ನು ಬಣ್ಣದ ಹರಳುಗಳಿಂದ ಕೂಡಿಸಿದನೆಂದು ಪ್ಲಿನಿಯು ಬರೆದಿದ್ದಾನೆ. ಊಟವಾದೊಡನೆ ಗೋಮಯದಿಂದ ಶುದ್ಧಿ ಮಾಡುವ ಮನೆಯಲ್ಲಿ ಬೆಳೆದ ನನಗೆ ಉಚ್ಛಿಷ್ಟವನ್ನು ನೆಲದಲ್ಲಿ ಶಾಶ್ವತವಾಗಿ ನಿಲ್ಲಿಸುವ ಕಲ್ಪನೆಯೇ ಹೇಸಿಕೆಯೆನಿಸಿತು. ಆದರೂ ವಿಚಾರಕ್ಕೆ ಇದು ಉಪಯುಕ್ತವಾಗಿದೆ. ಅಲ್ಲಿ ಉಂಡವರು ಎದ್ದುಹೋಗಿದ್ದಾರೆ. ಉಂಡ ಸಂತೋಷ ಮಾತ್ರ ನೆಲದ ಮೇಲೆ ಉಳಿದಿದೆ.

ಇಲ್ಲಿ ಒಂದು ಶಾಸ್ತ್ರೀಯಾಕ್ಷೇಪವು ಬರುತ್ತದೆ. ಹಣ್ಣು, ಪಾತ್ರೆ ಮೊದಲಾದುವು ಹೆಚ್ಚೆಂದರೆ ಉದ್ದೀಪನವಿಭಾವಗಳಾದಾವು. ಆಲಂಬನವೇ ಇಲ್ಲದಿರುವಾಗ ಉದ್ದೀಪನವು ಯಾವುದನ್ನು ಉದ್ದೀಪಿಸೀತು? ಬೆಂಕಿಯಿಲ್ಲದ ಒಲೆಗೆ ಗಾಳಿ ಬೀಸಿದಂತಾಗಲಿಲ್ಲವೆ? ಇದಕ್ಕೆ ಸಮಾಧಾನವನ್ನು ಮಮ್ಮಟನೇ ಕೊಟ್ಟಿದ್ದಾನೆ. ವಿಭಾವಾದಿಗಳಲ್ಲಿ ಒಂದು ಮಾತ್ರ ಉಕ್ತವಾಗಿದ್ದರೂ ಉಳಿದುವು ಆಕ್ಷೇಪದಿಂದ ಲಭ್ಯವಾಗುವುವೆಂದು ಅವನ ಮತ. ಆದುದರಿಂದ ವಸ್ತುಚಿತ್ರದಲ್ಲಿ ಮನುಷ್ಯನು ಇಲ್ಲವೆನ್ನುವುದು ಸರಿಯಲ್ಲ. ಅವನನ್ನು ಬರೆದಿಲ್ಲ, ಅಷ್ಟೆ. ಆನಂದವರ್ಧನನೂ ಚಿತ್ರಕಾವ್ಯವನ್ನು ಕೆಳಗಿಡುವ ಆ ಪ್ರಕರಣದಲ್ಲಿಯೇ, ಕೊನೆಗೆ ವಿಭಾವವಾಗಿಯಾದರೂ ರಸಕ್ಕೆ ಅಂಗವಾಗದ ವಸ್ತುವು ಲೋಕದಲ್ಲಿಲ್ಲವೆಂದು ಒಪ್ಪಿದ್ದಾನೆ. ನೀರಸತ್ವವು ವಸ್ತುವಿನ ದೋಷವಲ್ಲ, ರಸವಿವಕ್ಷೆಯಿಲ್ಲದೆ ಬರೆದವನ ದೋಷವೆಂಬುದು ಅವನ ಸಿದ್ಧಾಂತ. ಈ ವಾಕ್ಯಗಳನ್ನು ನಾನು ಎಷ್ಟು ಸಲ ಪಾಠ ಹೇಳಿದ್ದೆನೋ ತಿಳಿಯದು. ಬೆಳ್ಳುಳ್ಳಿಯ ಮುಂದೆ ನಿಂತಾಗ ಅವು ನೆನಪಿಗೆ ಬರಲಿಲ್ಲ.

ಈ ಸಿದ್ಧಾಂತವನ್ನು ಕೈಯಲ್ಲಿ ಹಿಡಿದರೆ ಚಿತ್ರಗಳ ತಾರತಮ್ಯವನ್ನು ಮಾಡುವುದಕ್ಕೂ ಸಾಧ್ಯವಾಗುತ್ತದೆ. ಹದಿನೇಳನೆಯ ಶತಮಾನದ ಹಾಲೆಂಡಿನಲ್ಲಿ ಅರಸರ ಅರಮನೆಗಳಿಗಲ್ಲದೆ ವರ್ತಕರ, ಕುಶಲಕರ್ಮಿಗಳ ಮನೆಗಳಿಗೂ ಚಿತ್ರಗಳು ಮಾರಾಟವಾಗುತ್ತಿದ್ದುವು. ಅಲ್ಲಿ 'ವಾನಿತಾಸ್' ಎಂಬ ಒಂದು ಜಾತಿಯ ವಸ್ತುಚಿತ್ರವು ಬೆಳೆಯಿತು. ಸಂಸಾರದ ಅನಿತ್ಯತೆಯನ್ನು ಬೋಧಿಸುವುದು ಅದರ ಉದ್ದೇಶ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಹಾರ್ಮೆನ್ ಸ್ಟೇನ್ವೈಕನ ಚಿತ್ರವು, ಸುಮಾರು ೧೬೪೦ರದು, ಇದಕ್ಕೆ ಒಳ್ಳೆಯ ನಿದರ್ಶನ. ತಲೆಬುರುಡೆ, ಪುಸ್ತಕ, ಚಿಪ್ಪು, ಕತ್ತಿ, ದೀಪಗಳನ್ನು ಒಟ್ಟಿಗೆ ಇಟ್ಟು ಬುರುಡೆಯ ಮೇಲೆ ಬೆಳಕು ಬೀಳುವಂತೆ ಬರೆದಿದೆ. ರಚನಾಕೌಶಲವು ನಿರಾಕ್ಷೇಪವಾದುದು. ಆದರೆ ಇಲ್ಲಿ ಅನಿತ್ಯತೆಯು ವಾಚ್ಯವಾಗಿಬಿಟ್ಟಿದೆ. ಬುರುಡೆಯನ್ನು ಮುಂದಿಟ್ಟಮೇಲೆ ಸಹೃದಯನು ಊಹಿಸತಕ್ಕದ್ದೇನೂ ಉಳಿಯದು. ಶಾಂತರಸವೆಂಬ ಹೆಸರನ್ನೇ ಶ್ಲೋಕದಲ್ಲಿ ಹೇಳಿಬಿಡುವ ಕವಿಯ ಸ್ವಶಬ್ದವಾಚ್ಯದೋಷವು ಇಲ್ಲಿಯೂ ಅಂಟಿಕೊಂಡಿದೆ.

ಇದರ ಪಕ್ಕದಲ್ಲಿ ಹಾರ್ಲೆಮಿನ ಪೀಟರ್ ಕ್ಲಾಸನು ೧೬೨೭ರಲ್ಲಿ ಬರೆದ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮಿನಲ್ಲಿರುವ ಔತಣದ ಚಿತ್ರವನ್ನಿಟ್ಟು ನೋಡಬೇಕು. ಬಿಳಿಯ ವಸ್ತ್ರವನ್ನು ಹಾಸಿದ ಮೇಜು. ಟರ್ಕಿಕೋಳಿಯ ಕಡುಬು, ಸಿಂಪಿಗಳು, ಶಂಖದ ಪಾನಪಾತ್ರೆ, ಚೀನಾದೇಶದ ಪಿಂಗಾಣಿ. ಈ ವೈಭವದ ನಡುವೆ ಸುರುಳಿ ಸುತ್ತಿದ ಒಂದು ಕಾಗದದ ಪೊಟ್ಟಣದಿಂದ ಮೆಣಸು ಹೊರಚೆಲ್ಲಿದೆ. ಆ ಕಾಗದವು ಪಂಚಾಂಗದಿಂದ ಹರಿದ ಹಾಳೆ. ದೂರದ್ವೀಪಗಳಿಂದ ಹಡಗಿನಲ್ಲಿ ಬಂದ ಬೆಲೆಬಾಳುವ ಮೆಣಸನ್ನು, ದಿನಗಳು ಕಳೆದುಹೋದುದರಿಂದ ಬೆಲೆಯಿಲ್ಲದಂತಾದ ಹಾಳೆಯಲ್ಲಿ ಕಟ್ಟಿದ್ದಾರೆ. ಹಳೆಯ ಪಂಚಾಂಗದ ಹಾಳೆಗಳು ಅಂಗಡಿಯ ಪೊಟ್ಟಣಗಳಾಗಿ ಮನೆಗೆ ಹಿಂದಿರುಗುವುದನ್ನು ಕಂಡಿರುವ ನಮ್ಮವರಿಗೆ ಈ ವ್ಯಂಗ್ಯವು ಕೂಡಲೆ ಸ್ಫುರಿಸುತ್ತದೆ. ತಿಥಿ ವಾರ ನಕ್ಷತ್ರಗಳು ಸಂದುವು. ಮೆಣಸಿನ ಘಾಟು ಮಾತ್ರ ಇದೆ. ಅದೂ ಊಟ ಮುಗಿಯುವವರೆಗೆ. ಬುರುಡೆಯು ಗದರಿಸಿ ಹೇಳುವುದನ್ನು ಪೊಟ್ಟಣವು ಪಿಸುಮಾತಿನಲ್ಲಿ ಹೇಳುತ್ತದೆ. ಎರಡರಲ್ಲಿ ಯಾವುದು ಉತ್ತಮಚಿತ್ರವೆಂದು ಧ್ವನಿಪ್ರಸ್ಥಾನದವರು ಸಂಶಯಪಡಬೇಕಾಗಿಲ್ಲ.

ಸ್ಪೇನಿನ ಸಾಂಚೆಜ್ ಕೋಟಾನನು ಸುಮಾರು ೧೬೦೨ರಲ್ಲಿ ಬರೆದ ಚಿತ್ರದ ರೀತಿ ಇದಕ್ಕೆ ತೀರ ಭಿನ್ನವಾದುದು. ಕಿಟಕಿಯಂತಹ ಕಲ್ಲಿನ ಚೌಕಟ್ಟು, ಹಿಂದೆ ಗಾಢಾಂಧಕಾರ, ಸೇಬನ್ನು ಹೋಲುವ ಕ್ವಿನ್ಸ್ ಎಂಬ ಹಣ್ಣೂ ಒಂದು ಎಲೆಕೋಸೂ ದಾರದಿಂದ ತೂಗುತ್ತಿವೆ, ಕೆಳಗೆ ಕೊಯ್ದ ಕರಬೂಜ, ಅಂಚಿನಿಂದ ಹೊರಚಾಚಿದ ಸೌತೆಕಾಯಿ. ಕೆಡದಿರಲೆಂದು ಕಾಯಿಪಲ್ಯವನ್ನು ತೂಗುಹಾಕುವುದು ಗೃಹಕೃತ್ಯ. ನಮ್ಮ ಕರಾವಳಿ ಮಲೆನಾಡುಗಳ ಮನೆಗಳಲ್ಲಿಯೂ ಬಾಳೆಯ ನಾರಿನಿಂದ ಸೌತೆಕಾಯಿಗಳನ್ನು ಕಟ್ಟಿ ತೊಲೆಗೆ ತೂಗಬಿಡುವುದುಂಟು. ಆದರೆ ಕೋಟಾನನ ಕತ್ತಲೆಯ ಮುಂದೆ ಆ ಎಲೆಕೋಸು ತಪಸ್ಸಿಗೆ ನಿಂತಂತೆ ಕಾಣುತ್ತದೆ. ಇದನ್ನು ಬರೆದ ಸ್ವಲ್ಪಕಾಲದಲ್ಲಿಯೇ ಅವನು ಮೌನವ್ರತಕ್ಕೆ ಹೆಸರಾದ ಕಾರ್ಥೂಸಿಯನ್ ಮಠವನ್ನು ಸೇರಿದನೆಂಬುದನ್ನು ತಿಳಿದಮೇಲೆ ಆಶ್ಚರ್ಯವಾಗುವುದಿಲ್ಲ. ತಿಳಿಯದಿದ್ದರೂ ಶಾಂತರಸಕ್ಕೆ ಕೊರತೆಯಿಲ್ಲ.

ಇನ್ನು ಬೆಳ್ಳುಳ್ಳಿಯ ಚಿತ್ರಕ್ಕೆ ಬರೋಣ. ಅದನ್ನು ಬರೆದವನು ಫ್ರಾನ್ಸಿನ ಶಾರ್ದ್ಯಾ (೧೬೯೯–೧೭೭೯). ಕಾಲ ಸುಮಾರು ೧೭೬೧. ಮೂಲಚಿತ್ರವಿರುವುದು ಅಮೆರಿಕೆಯ ಪಿಟ್ಸ್‌ಬರ್ಗಿನಲ್ಲಿ. ಫೆಲಿಬಿಯೆನ್ನನು ತಾರತಮ್ಯವನ್ನು ವಿಧಿಸಿದ ಪರಿಷತ್ತೇ ಇವನನ್ನು ೧೭೨೮ರಲ್ಲಿ ಪ್ರಾಣಿಗಳನ್ನೂ ಹಣ್ಣುಗಳನ್ನೂ ಬರೆಯುವವನೆಂಬ ಕೆಳಗಿನ ಪಂಕ್ತಿಯಲ್ಲಿ ಸೇರಿಸಿಕೊಂಡಿತು. ೧೭೬೩ರಲ್ಲಿ ವಿಮರ್ಶಕನಾದ ದಿದರೋ ಇವನ ಚಿತ್ರಗಳನ್ನು ಮುಕ್ತಕಂಠದಿಂದ ಹೊಗಳಿದನು. ಶಾರ್ದ್ಯಾನ ಗುಣವನ್ನು ವಿವರಿಸಲು ಸ್ವಭಾವೋಕ್ತಿಯ ಚರ್ಚೆಯು ನಮಗೆ ನೆರವಾಗುತ್ತದೆ. ವಸ್ತುವನ್ನು ಇದ್ದಂತೆ ಹೇಳುವುದನ್ನು ಕೆಲವರು ಅಲಂಕಾರವೆನ್ನುತ್ತಾರೆಂದು ಭಾಮಹನು ತಟಸ್ಥನಾಗಿ ಹೇಳಿದನು. ದಂಡಿಯು ಅದಕ್ಕೆ ಅಲಂಕಾರಗಳಲ್ಲಿ ಮೊದಲನೆಯ ಸ್ಥಾನವನ್ನು ಕೊಟ್ಟನು. ಕುಂತಕನು ಸ್ವಭಾವವೆಂಬುದು ಅಲಂಕರಿಸಲ್ಪಡುವ ಶರೀರವೇ ಹೊರತು ಅಲಂಕಾರವಲ್ಲವೆಂದು ಖಂಡಿಸಿದನು. ಮಹಿಮಭಟ್ಟನು ವಸ್ತುವಿಗೆ ಸಾಮಾನ್ಯ, ವಿಶೇಷವೆಂಬ ಎರಡು ರೂಪಗಳುಂಟು, ಎಲ್ಲರ ಮಾತಿಗೂ ಸಿಕ್ಕುವುದು ಸಾಮಾನ್ಯ, ಪ್ರತಿಭೆಗೆ ಮಾತ್ರ ಗೋಚರಿಸುವುದು ವಿಶೇಷ, ಎಂದು ವಿವಾದಕ್ಕೆ ತೆರೆಯೆಳೆದನು. ಬೆಳ್ಳುಳ್ಳಿಯ ಸಾಮಾನ್ಯರೂಪವು ಸಂತೆಯಲ್ಲಿ ಎಲ್ಲರಿಗೂ ಕಾಣುತ್ತದೆ. ಆ ಹೊತ್ತಿನಲ್ಲಿ, ಆ ಲೋಟದ ನೀರಿನ ಬಳಿಯಲ್ಲಿ, ಆ ಮಂದವಾದ ಬೆಳಕಿನಲ್ಲಿ ಅದು ಹೇಗಿದ್ದಿತೆಂಬುದು ಶಾರ್ದ್ಯಾನ ಕಣ್ಣಿಗೆ ಮಾತ್ರ ಕಂಡಿತು. ನೀರನ್ನು ತುಂಬಿಟ್ಟವರು ಈಗತಾನೆ ಪಕ್ಕದ ಕೋಣೆಗೆ ಹೋಗಿದ್ದಾರೆ, ಬೇಗ ಬರುವರು. ಇದಕ್ಕಿಂತ ಹೆಚ್ಚಿನ ಕಥೆ ಅಲ್ಲಿಲ್ಲ, ಬೇಕಾಗಿಯೂ ಇಲ್ಲ.

ಶೈಲಿಗಳು ಬದಲಾದರೂ ಈ ವಿಶೇಷದರ್ಶನವು ಬದಲಾಗಲಿಲ್ಲ. ಹದಿಮೂರನೆಯ ಶತಮಾನದ ಚೀನಾದೇಶದ ಬೌದ್ಧಭಿಕ್ಷುವಾದ ಮುಕಿಯ ಹೆಸರಿನಲ್ಲಿರುವ ಆರು ಪರ್ಸಿಮನ್ ಹಣ್ಣುಗಳ ಚಿತ್ರದಲ್ಲಿ ಮೇಜಿಲ್ಲ, ನೆರಳಿಲ್ಲ, ಬಣ್ಣವೂ ಇಲ್ಲ. ಮಸಿಯ ಗಾಢಮಂದಭೇದಗಳಿಂದಲೇ ಆರೂ ಬೇರೆ ಬೇರೆಯಾಗಿವೆ. ಫ್ರಾನ್ಸಿನ ಸೆಜಾನನು ಸುಮಾರು ೧೮೯೩ರಲ್ಲಿ ಬರೆದ ಸೇಬಿನ ಬುಟ್ಟಿಯ ಚಿತ್ರದಲ್ಲಿ ಮೇಜಿನ ಎಡದ ಅಂಚೂ ಬಲದ ಅಂಚೂ ಒಂದೇ ರೇಖೆಯಲ್ಲಿ ಕೂಡುವುದಿಲ್ಲ. ಇದು ಕೈತಪ್ಪಲ್ಲ. ನೋಡುವವನ ಕಣ್ಣು ಚಲಿಸುತ್ತದೆ, ವಸ್ತುವು ನಿಶ್ಚಲವಾಗಿರುತ್ತದೆ. ಆ ಚಲನವನ್ನೂ ಅವನು ಚಿತ್ರದೊಳಗೆ ಸೇರಿಸಿಕೊಂಡನು. ಮುಕಿಯು ವಸ್ತುವಿನ ಸುತ್ತಲಿರುವುದನ್ನೆಲ್ಲ ಕಳೆದನು, ಸೆಜಾನನು ನೋಡುವವನನ್ನೇ ಕೂಡಿಸಿದನು. ಸಾಮಾನ್ಯವನ್ನು ದಾಟಿ ವಿಶೇಷವನ್ನು ಹಿಡಿಯುವುದರಲ್ಲಿ ಇಬ್ಬರೂ ಸಮಾನರು.

ಕೊನೆಗೆ, ಇವುಗಳನ್ನು ಮನೆಯಲ್ಲಿ ಇಡಬಹುದೆ, ಇಟ್ಟರೆ ಹೇಗೆಂಬ ವಿಚಾರ. ವಿಷ್ಣುಧರ್ಮೋತ್ತರದ ಮೂರನೆಯ ಖಂಡದ ಚಿತ್ರಸೂತ್ರವು ಈ ವಿಷಯದಲ್ಲಿ ಸ್ಪಷ್ಟವಾದ ವಿಧಿಯನ್ನು ಹೇಳಿದೆ. ದೇವಾಲಯಗಳಲ್ಲಿಯೂ ರಾಜಸಭೆಗಳಲ್ಲಿಯೂ ಎಲ್ಲ ರಸಗಳ ಚಿತ್ರಗಳೂ ಇರಬಹುದು. ವಾಸದ ಮನೆಗಳಲ್ಲಿ ಶೃಂಗಾರ, ಹಾಸ್ಯ, ಶಾಂತಗಳು ಮಾತ್ರ. ಯುದ್ಧ, ಶ್ಮಶಾನ, ಮರಣಾದಿ ಅಮಂಗಳಗಳು ನಿಷಿದ್ಧ. ಇದರ ಪ್ರಕಾರ ಸ್ಟೇನ್ವೈಕನ ಬುರುಡೆಯೂ, ಶಾರ್ದ್ಯಾನದೇ ಆದ ಹೊಟ್ಟೆಸೀಳಿದ ತಿರಂಡಿಮೀನಿನ ಚಿತ್ರವೂ ವಸ್ತುಸಂಗ್ರಹಾಲಯಕ್ಕೆ ತಕ್ಕುವೇ ಹೊರತು ಊಟದ ಮನೆಗಲ್ಲ. ಬೆಳ್ಳುಳ್ಳಿಗೆ ಮಾತ್ರ ಈ ಸೂತ್ರದಲ್ಲಿ ನಿಷೇಧವು ನನಗೆ ಕಾಣಲಿಲ್ಲ. ತಿನ್ನುವ ವಿಷಯ ಬೇರೆ, ನೋಡುವ ವಿಷಯ ಬೇರೆ.

ಜಪಾನೀಯರ ಮನೆಗಳಲ್ಲಿ 'ತೊಕೊನೊಮ' ಎಂಬ ಗೂಡೊಂದುಂಟು. ಅದರಲ್ಲಿ ಚಿತ್ರಪಟವನ್ನು ತೂಗುಹಾಕಿ, ಋತುವಿಗೂ ಬರುವ ಅತಿಥಿಗೂ ತಕ್ಕಂತೆ ಬದಲಾಯಿಸುವರು. ಇದು ಅನುಕರಣಯೋಗ್ಯವಾದ ಪದ್ಧತಿ. ಗೋಡೆಯ ತುಂಬ ಚಿತ್ರಗಳನ್ನು ಹೊಡೆದರೆ ಯಾವುದೂ ಕಾಣುವುದಿಲ್ಲ. ಒಂದನ್ನು ಇಟ್ಟು, ಕಣ್ಣಿಗೆ ಹಳತಾದಾಗ ತೆಗೆದು ಬೇರೊಂದನ್ನು ಇಡುವುದು ಲೇಸು. ಕುಳಿತು ಉಣ್ಣುವ ಕೋಣೆಯಲ್ಲಿ ಕುಳಿತವರ ಕಣ್ಣಿನ ಮಟ್ಟಕ್ಕೆ ಇರಬೇಕು, ನಿಂತವರ ತಲೆಯ ಮೇಲಲ್ಲ. ಚಿತ್ರದಲ್ಲಿ ಯಾವ ಕಡೆಯಿಂದ ಬೆಳಕು ಬಿದ್ದಿದೆಯೋ ಕೋಣೆಯ ಕಿಟಕಿಯೂ ಆ ಕಡೆಗೇ ಇದ್ದರೆ ಎರಡು ಬೆಳಕುಗಳೂ ಒಂದಾಗುತ್ತವೆ. ಬಿಸಿಲು ನೇರವಾಗಿ ತಾಗಿದರೆ ಜಲವರ್ಣವೂ ಅಚ್ಚಿನ ಪ್ರತಿಯೂ ಮಾಸುವುವಾದುದರಿಂದ ಆ ಎಚ್ಚರಿಕೆಯೂ ಬೇಕು. ಎಲ್ಲಕ್ಕಿಂತ ಮುಖ್ಯವಾದುದು, ಅಡುಗೆಯ ಮನೆಗೆ ಹಣ್ಣಿನ ಚಿತ್ರವೆಂದು ಅಂಗಡಿಯ ಹಲಗೆಯಂತೆ ಅದನ್ನು ಬಳಸದಿರುವುದು.

೧೮೮೮ರ ಆಗಸ್ಟಿನಲ್ಲಿ ಫ್ರಾನ್ಸಿನ ಆರ್ಲ್ ಪಟ್ಟಣದ ಒಂದು ಬಾಡಿಗೆಯ ಮನೆಯಲ್ಲಿ ವಾನ್ ಗೋ ಎಂಬ ಚಿತ್ರಕಾರನು ಸೂರ್ಯಕಾಂತಿಯ ಹೂಗಳನ್ನು ಬರೆಯುತ್ತಿದ್ದನು. ಬರಲಿದ್ದ ಸ್ನೇಹಿತ ಗೊಗ್ಯಾನಿಗಾಗಿ ಮನೆಯನ್ನು ಅಲಂಕರಿಸಬೇಕೆಂಬುದು ಅವನ ಆಸೆ. ಅವುಗಳಲ್ಲಿ ಎರಡನ್ನು ಅತಿಥಿಯ ಕೋಣೆಯಲ್ಲಿ ತೂಗುಹಾಕಿದನು. ವಿಟ್ರೂವಿಯಸನು ಹೇಳಿದ ಅತಿಥಿಯ ಕಾಣಿಕೆಯು ಸಾವಿರದ ಒಂಬೈನೂರು ವರ್ಷಗಳ ಮೇಲೆ ಅದೇ ಅರ್ಥದಲ್ಲಿ ಮತ್ತೆ ಗೋಡೆಯನ್ನು ಸೇರಿತು. ಅತಿಥಿಯು ಅಕ್ಟೋಬರಿನಲ್ಲಿ ಬಂದನು; ಡಿಸೆಂಬರಿನ ಕಲಹದ ಮೇಲೆ ಹೊರಟುಹೋದನು. ಆ ಚಳಿಗಾಲದಲ್ಲಿಯೇ ವಾನ್ ಗೋ ಎರಡು ಬರಿಯ ಕುರ್ಚಿಗಳನ್ನು ಬರೆದನು: ತನ್ನದರ ಮೇಲೆ ಚುಟ್ಟಾಕೊಳವಿಯೂ ಹೊಗೆಸೊಪ್ಪೂ, ಸ್ನೇಹಿತನದರ ಮೇಲೆ ಉರಿಯುವ ಮೇಣದ ಬತ್ತಿಯೂ ಪುಸ್ತಕಗಳೂ. ಕುಳಿತವರು ಯಾರೂ ಇಲ್ಲ. ಮನುಷ್ಯನನ್ನು ಬರೆಯದೆ ಮನುಷ್ಯನ ಸ್ನೇಹವನ್ನೂ ವಿರಹವನ್ನೂ ವ್ಯಂಜಿಸುವುದಕ್ಕೆ ಇದಕ್ಕಿಂತ ಬೇರೆ ಉದಾಹರಣವು ನನಗೆ ಬೇಕಾಗಿಲ್ಲ.

ಆದುದರಿಂದ ವಸ್ತುಚಿತ್ರವು ಅಧಮವೆಂಬ ಮಾತನ್ನು ನಾನು ಹಿಂತೆಗೆದುಕೊಳ್ಳುತ್ತೇನೆ. ವ್ಯಂಗ್ಯಶೂನ್ಯವಾದುದು ಯಾವ ಶ್ರೇಣಿಯದಾದರೂ ಅಧಮವೇ. ವ್ಯಂಗ್ಯಪ್ರಧಾನವಾದುದು ಬೆಳ್ಳುಳ್ಳಿಯ ಚಿತ್ರವಾದರೂ ಉತ್ತಮವೇ. ಮತ್ತೊಮ್ಮೆ ಆ ಶಿಷ್ಯರ ಮನೆಗೆ ಹೋದಾಗ ನನ್ನ ಎಲೆಯನ್ನು ಆ ಗೋಡೆಯ ಎದುರಿಗೆ ಹಾಕಿಸಬೇಕೆಂದು ಕೇಳಿಕೊಳ್ಳುವೆನು.